ತುಂಬಿಸಿ ಎತ್ತಿಟ್ಟದ್ದು

ಎತ್ತಿಡುವ ಜನರ ನಡುವೆಯೇ ನನ್ನ ಬಾಳು ಕಳೆಯಿತು. ಗದ್ವಾಲದಲ್ಲಿ ಅಪ್ಪ ಮಾರಾಟವಾಗದ ಸಾಮಾನು ಎತ್ತಿಡುತ್ತಿದ್ದ. ಮದುವೆಯಾಗಿ ಮಕ್ತಲ್‌ಗೆ ಬಂದರೆ ಇಲ್ಲಿ ಮಾವ ಒಳ್ಳೆಯ ಸಾಮಾನು ಎತ್ತಿಡುತ್ತಿದ್ದರು. ನಾನು ಎತ್ತಿಡುವವಳಲ್ಲ. ಹೊಸ ಸೀರೆ ಬಂದರೆ ಅವತ್ತೇ ಉಟ್ಟು, ಅದರ ಮೇಲೆ ಒಂದಿಷ್ಟು ಅರಿಶಿನದ ಕಲೆ ಬಿದ್ದರೇ ನನಗೆ ಸಮಾಧಾನ. ಇದಕ್ಕಾಗಿ ಎರಡೂ ಮನೆಗಳಲ್ಲಿ ನನಗೆ ಕೈ ಸಡಿಲು ಎಂಬ ಹೆಸರಿದೆ. ಇರಲಿ.

ಅಪ್ಪನದು ಗದ್ವಾಲದ ಬಸ್‌ಸ್ಟ್ಯಾಂಡಿನ ಹತ್ತಿರ ಕರೆಂಟಿನ ಸಾಮಾನಿನ ಅಂಗಡಿ. ರಾಜ್ಯ ಬೇರೆಯಾಗುವ ಮುಂಚಿನ ವರ್ಷಗಳಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚಾಗಿತ್ತು. ಗಟ್ಟುವಿನಿಂದ, ಐಜದಿಂದ ಸಂತೆಗೆ ಬಂದವರು ಎಣ್ಣೆ, ಬೆಲ್ಲದ ಜೊತೆಗೆ ಒಂದು ಚಾರ್ಜಿಂಗ್ ಲೈಟೂ ಒಯ್ಯುತ್ತಿದ್ದರು. ಸೀಸದ ಬ್ಯಾಟರಿಯ ಭಾರದ ಲೈಟುಗಳ ಕಾಲ ಮುಗಿಯುತ್ತ ಬಂದಿತ್ತು. ಒಳಗೆ ಲಿಥಿಯಂ ಬ್ಯಾಟರಿಯಿದ್ದ ಹಗುರ ಲೈಟುಗಳು ಬರತೊಡಗಿದ್ದವು. ಅಪ್ಪ ಅವನ್ನು ಪೆಟ್ಟಿಗೆಗಟ್ಟಲೆ ತರಿಸಿದ. ಕತ್ತಲೆ ನಮ್ಮ ಮನೆಯ ಅನ್ನವಾಗಿತ್ತು ಎಂದರೆ ಸುಳ್ಳಲ್ಲ.

ತೆಲಂಗಾಣ ಬಂದ ದಿನ ಅಂಗಡಿಯ ಮುಂದೆ ಎಲ್ಲರಿಗಿಂತ ಉದ್ದದ ಪಟಾಕಿ ಸರ ಹಚ್ಚಿದವನು ಅಪ್ಪನೇ. ಆಮೇಲೆ ಒಂದೆರಡು ವರ್ಷದೊಳಗೆ ಕರೆಂಟು ಹೋಗುವುದೇ ಅಪರೂಪವಾಯಿತು. ಊರೆಲ್ಲ ಸಂತೋಷಪಡುವಾಗ ಅಪ್ಪ ಒಬ್ಬನೇ ಹೊರಗೆ ನಕ್ಕು ಒಳಗೆ ಅಳಬೇಕಾಯಿತು. ಗಿರಾಕಿಗಳಿಗೆ ಲೈಟು ತೋರಿಸಿದರೆ, ‘ಕರೆಂಟು ಪೋಕಪೋತೇ ಲೈಟೆಂದುಕು?’ ಎಂದು ತೆಲುಗಿನಲ್ಲಿ ಕೇಳಿ ಮುಂದೆ ಹೋಗುತ್ತಿದ್ದರು. ಕರೆಂಟು ಹೋಗದಿದ್ದರೆ ಲೈಟು ಯಾಕೆ ಎಂದು ದಿನಾ ಕೇಳಿಸಿಕೊಂಡು ಅಪ್ಪ ಲೈಟು ತೋರಿಸುವುದನ್ನೇ ಬಿಟ್ಟ.

‘ಬ್ಯಾಸಿಗಿ ಬರ್ಲಿ. ಕರೆಂಟ್ ಹೋಗೇ ಹೋಗ್ತೈತಿ’ ಎಂದು ಅವನು ಎಲ್ಲವನ್ನೂ ಎತ್ತಿಟ್ಟ. ಪ್ರದರ್ಶನಕ್ಕೆ ಇಟ್ಟಿದ್ದವನ್ನು ಪೂರ್ತಿ ಚಾರ್ಜು ಮಾಡಿ ತಗಡಿನ ಕೆಳಗಿನ ಅಟ್ಟಕ್ಕೆ ಏರಿಸಿದ. ಬಿಚ್ಚದ ಪೆಟ್ಟಿಗೆಗಳನ್ನು ಬಂದ ಹಾಗೆಯೇ ಗೋಡೆಗೆ ಒರಗಿಸಿದ. ಎರಡು ಬೇಸಿಗೆ ದಾಟಿದವು. ಮೂರನೆಯದರಲ್ಲಿ ಗಾಳಿಗೆ ಕಂಬಗಳು ಉರುಳಿ ಊರು ಕತ್ತಲಾದಾಗ, ಹೆಣ್ಣು ನೋಡಲು ಬೀಗರು ಬಂದಷ್ಟು ಸಡಗರದಿಂದ ಅಪ್ಪ ಅಟ್ಟ ಹತ್ತಿದ. ಅಟ್ಟದ ಮೇಲಿನ ಲೈಟುಗಳ ಬೆನ್ನು ಉಬ್ಬಿ ಮುಚ್ಚಳ ಬಿರಿದಿದ್ದವು. ಪೆಟ್ಟಿಗೆಯೊಳಗಿನವು ನೋಡಲಿಕ್ಕೆ ಹೊಚ್ಚ ಹೊಸವು. ಆದರೆ ಕರೆಂಟು ಬಂದ ಮೇಲೆ ಎಷ್ಟು ಹೊತ್ತು ಚುಚ್ಚಿಟ್ಟರೂ ಚಾರ್ಜು ಹಿಡಿಯಲಿಲ್ಲ. ತರಿಸಿದ ಅಷ್ಟೂ ಲೈಟುಗಳಲ್ಲಿ ಬದುಕಿದ್ದದ್ದು ಒಂದೇ, ಅದು ಮನೆಯಲ್ಲಿದ್ದ ಅವ್ವನದು. ಅವಳು ಅದನ್ನು ನೀರಿನ ಹರವಿಯ ಪಕ್ಕದ ಗೂಡಿನಲ್ಲಿಟ್ಟು, ಹೊರಸು ಮಂಚದ ಕೆಳಗೆ ಚೇಳು ಹುಡುಕಲು ಬಳಸುತ್ತಿದ್ದಳು. ಮಿಕ್ಸಿಯ ಪ್ಲಗ್ಗು ಬಿಡುವಾದಾಗ ಅಷ್ಟಿಷ್ಟು ಚಾರ್ಜು ಮಾಡುತ್ತಿದ್ದಳು, ಒಮ್ಮೆಯೂ ಪೂರ್ತಿ ಮಾಡಿದವಳಲ್ಲ.

ಕರ್ನೂಲಿನಿಂದ ಮಾಲು ತರುತ್ತಿದ್ದ ಏಜೆಂಟ ಅಪ್ಪನ ಬೈಗುಳವನ್ನೆಲ್ಲ ಚಹಾದ ಜೊತೆ ಕುಡಿದು, ಆಮೇಲೆ ವಿಷಯ ಹೇಳಿದ. ಈ ಬ್ಯಾಟರಿಗೆ ಹೊಟ್ಟೆ ತುಂಬಿಸಿ ಸೆಕೆಯಲ್ಲಿ ಇಟ್ಟರೂ ಕೆಡುತ್ತದೆ, ಉಪವಾಸ ಕೆಡವಿದರೂ ಕೆಡುತ್ತದೆ. ಸುಮ್ಮನೆ ಕೂತಿದ್ದರೂ ಒಳಗೊಳಗೇ ಇಷ್ಟಿಷ್ಟು ಸೋರುತ್ತಿರುತ್ತದೆ. ಪೂರ್ತಿ ಬರಿದಾಗಿ ತಳ ಮುಟ್ಟಿದರೆ ಆಮೇಲೆ ಚಾರ್ಜು ತೆಗೆದುಕೊಳ್ಳುವುದಿಲ್ಲ. ಹೆಚ್ಚು ದಿನ ಇಡುವುದಾದರೆ ಅರ್ಧ ಚಾರ್ಜು ಮಾಡಿ ತಂಪಾದ ಕಡೆ ಇಡಬೇಕು, ಕೆಲವು ತಿಂಗಳಿಗೊಮ್ಮೆ ತೆಗೆದು ಸ್ವಲ್ಪ ಉಣಿಸಬೇಕು.

‘ಇದೇನ್ ಬ್ಯಾಟ್ರ್ಯೋ ಬಾಣಂತ್ಯೋ?’ ಎಂದ ಅಪ್ಪ. ಕಂಪನಿಯವರೇ ಮೋಸಗಾರರು ಎಂಬ ತನ್ನ ತೀರ್ಮಾನವನ್ನು ಅವನು ಇವತ್ತಿಗೂ ಬದಲಿಸಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಮಾತ್ರ ಏಜೆಂಟನ ಮಾತನ್ನು ತಲೆಯಲ್ಲಿಟ್ಟುಕೊಂಡು ಮಕ್ತಲ್‌ಗೆ ಮದುವೆಯಾಗಿ ಬಂದೆ.

ಗಂಡನ ಮನೆಯವರು ಬೀರಪ್ಪನ ಒಕ್ಕಲು. ಕುರಿ ಹಿಂಡು ಮಾರಿ ತುಸು ಹೊಲ ಮಾಡಿಕೊಂಡಿದ್ದರೂ ಕುರುಬರ ಶಿಸ್ತು ಬಿಟ್ಟಿರಲಿಲ್ಲ. ಮಾವ ಬೀರಪ್ಪನ ಹಾಡಿನವರು. ಡೊಳ್ಳು ಕಟ್ಟಿಕೊಂಡು ನಿಂತರೆ ಸುತ್ತಲಿನ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಕೇಳಲು ಬರುತ್ತಿದ್ದರಂತೆ. ಅತ್ತೆ ಅವರ ಸೋದರಮಾವನ ಮಗಳು. ಇಬ್ಬರೂ ಒಂದೇ ಅಂಗಳದಲ್ಲಿ ಆಡಿ ಬೆಳೆದವರಾದ್ದರಿಂದ ಮಾವನನ್ನು ಅತ್ತೆ ನೀನು ಎಂದೇ ಮಾತಾಡಿಸುತ್ತಿದ್ದರು, ನೀನು ಎಂದೇ ಬೈಯುತ್ತಿದ್ದರು. ಎರಡನೆಯದು ಹೆಚ್ಚು.

ಈ ಮನೆಯಲ್ಲಿ ಎರಡು ಕಟ್ಟಳೆಗಳಿದ್ದವು. ಯಾವುದನ್ನೂ ಬರಿದು ಮಾಡಿ ಎತ್ತಿಡಬಾರದು ಎಂಬುದು ಒಂದು. ಕೊಡ ಎತ್ತಿಟ್ಟರೆ ಒಳಗೆ ಒಂದು ಹಿಡಿ ಜೋಳ, ಚೀಲ ಎತ್ತಿಟ್ಟರೆ ನಾಕು ಶೇಂಗಾ. ದೇವರಿಗೆಂದು ಇಡುವುದನ್ನಂತೂ ಅರೆ ತುಂಬಿಸುವುದು ಸಲ್ಲದು, ತುಂಬಿಸಿಯೇ ಇಡಬೇಕು. ದೇವರ ಕೆಲಸದ ಸಾಮಾನನ್ನು ಬೇರೆ ಕೆಲಸಕ್ಕೆ ಮುಟ್ಟಬಾರದು ಎಂಬುದು ಇನ್ನೊಂದು. ಡೊಳ್ಳನ್ನು ಬೀರಪ್ಪನ ಹಬ್ಬ ಮುಗಿದ ಮೇಲೆ ದೇವರ ಅರಿಶಿನವಾದ ಭಂಡಾರ ಹಚ್ಚಿ, ಕಂಬಳಿ ಸುತ್ತಿ, ತಗಡಿನ ಕೆಳಗೆ ತೊಲೆಗೆ ತೂಗು ಹಾಕುತ್ತಿದ್ದರು. ವರ್ಷ ಕಳೆದು ಇಳಿಸಿ, ಬಿಸಿಲಿಗೆ ಹಿಡಿದು ಬಾರಿಸಿದರೆ ಮೊದಲ ಏಟಿಗೇ ಗುಡುಗುತ್ತಿತ್ತು. ಚರ್ಮಕ್ಕೆ ಆ ಸೆಕೆ, ಆ ನಿದ್ದೆ ಎರಡೂ ಹಿಡಿಸುತ್ತಿದ್ದವು.

ನಾನು ಬರುವ ಹೊತ್ತಿಗೆ ಮಾವನ ಕಿವಿ ಮಂದವಾಗಿತ್ತು. ಅಷ್ಟು ವರ್ಷ ಡೊಳ್ಳಿನ ಪಕ್ಕದಲ್ಲೇ ಕಿವಿಯಿಟ್ಟವರಿಗೆ ಇನ್ನೇನಾಗಬೇಕು. ಅತ್ತೆ ಒದರಿ ಒದರಿ ಮಾತಾಡಬೇಕಾಗಿ ಬಂದು, ನಮ್ಮ ಮನೆಯ ಸಾರಿನಲ್ಲಿ ಉಪ್ಪು ಹೆಚ್ಚಾದದ್ದೂ ಓಣಿಗೆಲ್ಲ ಗೊತ್ತಾಗುತ್ತಿತ್ತು. ಬರುಬರುತ್ತ ಅವರು ಒದರಲೇಬೇಕಾದ ಮಾತನ್ನಷ್ಟೇ ಮಾತಾಡತೊಡಗಿದರು. ‘ಉಣ್ಣು’, ‘ಏಳು’, ‘ಬಾಗಲಾ ಹಾಕು’. ಒದರಿ ಹೇಳಲಾಗದ ಮಾತುಗಳು ಗಂಡ ಹೆಂಡಿರ ನಡುವೆ ಬಹಳ ಇರುತ್ತವೆ. ಅವೆಲ್ಲ ನಿಂತುಹೋಗಿದ್ದವು. ಅತ್ತೆ ಅವನ್ನು ನನಗೆ ಹೇಳುತ್ತಿದ್ದರು. ನನಗೆ ಹೇಳುತ್ತಿದ್ದದ್ದು ನನಗಲ್ಲ ಎಂಬುದು ನನಗೂ ತಿಳಿಯುತ್ತಿತ್ತು.

ನನ್ನ ಗಂಡ ಮಾವನನ್ನು ರಾಯಚೂರಿಗೆ ಕರೆದೊಯ್ದು ಕಿವಿಗೆ ಮಿಷನ್ನು ಹಾಕಿಸಿಕೊಂಡು ಬಂದರು. ಕಿವಿಯ ಹಿಂದೆ ಕೂರುವ ಹುಣಸೆಬೀಜದಷ್ಟು ಯಂತ್ರ. ಒಳಗೆ ಅದೇ ಲಿಥಿಯಂ ಬ್ಯಾಟರಿ. ರಾತ್ರಿ ಡಬ್ಬಿಯಲ್ಲಿಟ್ಟು ವೈರು ಚುಚ್ಚಿದರೆ ಬೆಳಗ್ಗೆ ಹಸಿರು ದೀಪ. ಹಾಕಿಕೊಂಡ ಮೊದಲ ದಿನ ಮಾವ ಅಂಗಳದಲ್ಲಿ ಕೂತು ಕೋಳಿ ಕೆದರುವುದನ್ನು ಕೇಳಿದರು, ಪೊರಕೆಯ ಸದ್ದು ಕೇಳಿದರು. ಅತ್ತೆ ಅಭ್ಯಾಸದಂತೆ ಒದರಿದಾಗ, ‘ಯಾಕ ಒದರ್ತಿ? ನಾ ಏನ್ ಕಿವುಡೇನು?’ ಎಂದರು. ಅತ್ತೆ ನಕ್ಕ ನಗೆ ಓಣಿಯ ಆ ತುದಿಗೆ ಕೇಳಿಸಿರಬೇಕು.

ನಾಲ್ಕು ದಿನ ಹಾಗೆ ನಡೆಯಿತು. ಐದನೆಯ ದಿನ ಕಿವಿ ಬರಿದಾಗಿತ್ತು. ಕೇಳಿದರೆ ಮಾವ ತೊಲೆಯ ಕಡೆ ಕೈ ತೋರಿಸಿದರು. ಡೊಳ್ಳಿನ ಪಕ್ಕದಲ್ಲಿ ಒಂದು ಕಂಬಳಿಯ ಗಂಟು ತೂಗುತ್ತಿತ್ತು.

‘ದಿನಾ ಹಾಕ್ಕೊಂಡ್ರ ಸವೀತೈತಿ. ದೇವರ ಹಾಡು ಕೇಳಾಕ ಇಟ್ಟೀನಿ. ಬರಿದ ಇಟ್ಟಿಲ್ಲವ್ವಾ, ಹಸರ ದೀಪ ಬರೂಮಟ ತುಂಬ್ಸಿ ಇಟ್ಟೀನಿ’ ಎಂದರು, ಕರೆಂಟಿನ ಅಂಗಡಿಯವನ ಮಗಳು ಮೆಚ್ಚಲೇಬೇಕು ಎನ್ನುವವರ ಹಾಗೆ.

ನಾನು ಕೈ ಬಾಯಿ ಎರಡೂ ಬಳಸಿ ತಿಳಿಸಿ ಹೇಳಿದೆ. ಇದು ಡೊಳ್ಳಲ್ಲ ಮಾವಾ, ತೂಗು ಹಾಕಿದರೆ ಇದಕ್ಕೆ ನಿದ್ದೆ ಬರುವುದಿಲ್ಲ, ಸಾಯುತ್ತದೆ. ಇಡಲೇಬೇಕೆಂದರೆ ಅರ್ಧ ಚಾರ್ಜು ಮಾಡಿ ನೀರಿನ ಗಡಿಗೆಯಿಂದಾಚೆ ತಂಪಾದ ಒಣ ಗೂಡಿನಲ್ಲಿಡಿ. ಅದಕ್ಕಿಂತ ದಿನಾ ಹಾಕಿಕೊಂಡರೆ ಹೆಚ್ಚು ಕಾಲ ಬಾಳುತ್ತದೆ. ಅರ್ಧ ಎಂಬ ಮಾತಿಗೆ ಮಾವ ಮುಖ ಹಿಂಡಿದರು. ‘ದೇವರಿಗಂತ ಇಟ್ಟದ್ದು ಅರ್ಧ ಇಡ್ತಾರೇನವ್ವಾ? ನಿಮ್ಮ ಗದ್ವಾಲದಾಗ ಇಡ್ತಿರಬೇಕು.’ ನನಗೆ ಸಿಟ್ಟು ಬಂತು. ಕಿವುಡನ ಮುಂದೆ ಶಂಖ ಊದಿದ ಹಾಗೆ ಎನ್ನುವ ಗಾದೆ ನೆನಪಾಗಿ, ಅದು ಇಲ್ಲಿ ಗಾದೆಯೇ ಅಲ್ಲ ಅನ್ನಿಸಿತು.

ಆ ವರ್ಷದ ಬೀರಪ್ಪನ ಹಬ್ಬಕ್ಕೆ ಗಂಟು ಇಳಿಯಿತು. ಮಿಷನ್ನು ಮತ್ತೆ ಚಾರ್ಜು ತೆಗೆದುಕೊಂಡಿತು. ಆದರೆ ಮೊದಲು ಬೆಳಗಿನಿಂದ ಮಲಗುವ ತನಕ ಬರುತ್ತಿದ್ದದ್ದು ಈಗ ಊಟದ ಹೊತ್ತಿಗೇ ಮುಗಿಯಿತು. ಬೇಸಿಗೆಯೆಲ್ಲ ತಗಡಿನ ಕೆಳಗೆ ತೂಗಿದ್ದರ ಫಲ. ‘ನೋಡ್ರಿ’ ಎಂದೆ. ‘ದೇವರ ಕೆಲಸಕ್ಕ ಅಷ್ಟ ಸಾಕು’ ಎಂದು ಮಾವ ಮತ್ತೆ ಹಸಿರು ದೀಪ ಬರುವ ತನಕ ತುಂಬಿಸಿ ಅಲ್ಲೇ ತೂಗು ಹಾಕಿದರು. ಅವರಿಗೆ ನಿಜಕ್ಕೂ ಅಷ್ಟೇ ಬೇಕಿತ್ತು. ತಮ್ಮ ಮೇಳದ ಕಿರಿಯರು ಪದ ತಪ್ಪಿಸುತ್ತಾರೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ಕೇಳಿ ತಿಳಿಯಬೇಕು, ಅಷ್ಟೆ. ಅತ್ತೆಯ ಮಾತು ಮನೆಯಲ್ಲೇ ಇರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದರೋ ಏನೋ.

ಮುಂದಿನ ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಅತ್ತೆಯ ದನಿ ಒಡೆಯಿತು. ಮೊದಲು ನೆಗಡಿ ಎಂದರು. ನೆಗಡಿ ಹೋದರೂ ದನಿ ಸರಿಹೋಗಲಿಲ್ಲ. ‘ಈ ಮುದುಕನ್ನ ಕೂಗಿ ಕೂಗಿ ನನ್ನ ಗಂಟ್ಲ ಹರೀತು’ ಎಂದು ಅತ್ತೆ ಎಲ್ಲರಿಗೂ ಹೇಳಿದರು. ಹೈದರಾಬಾದಿನ ಡಾಕ್ಟರು ಕೂಗಿದ್ದರಿಂದಲ್ಲ, ತಂಬಾಕಿನಿಂದ ಎಂದರು. ಗಂಟಲಲ್ಲಿ ಗಡ್ಡೆ, ಅದರ ಹೆಸರು ಯಾವ ಮನೆಯಲ್ಲೂ ಯಾರೂ ಜೋರಾಗಿ ಹೇಳುವುದಿಲ್ಲ. ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ಮಾತು ಹೋಗುತ್ತದೆ. ಆಪರೇಶನ್ನಿಗೆ ಮುಂದಿನ ವಾರದ ದಿನ ಗೊತ್ತಾಯಿತು.

ಹೈದರಾಬಾದಿನಿಂದ ಮರಳುವಾಗ ಬಸ್ಸು ಕೋಸಗಿ ಊರು ದಾಟಿತು. ಆಮೇಲೆ ಅತ್ತೆ ನನ್ನ ತೊಡೆಯ ಮೇಲೆ ಕೈಯಿಟ್ಟು ಆ ಒಡಕು ದನಿಯಲ್ಲೇ, ‘ಆ ಮಿಷನ್ ತಗ್ಸು. ಅಂವಗ ನಾಕ್ ಮಾತ್ ಹೇಳೂದೈತಿ. ಒದರಾಕ ನನ್ನಿಂದ ಆಗಂಗಿಲ್ಲ’ ಎಂದರು. ಊರು ಬಂದು ಇಳಿಯುವವರೆಗೂ ಆ ಕೈ ತೆಗೆಯಲಿಲ್ಲ. ಅತ್ತೆ ಅಂಜಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮನೆಗೆ ಬಂದವಳೇ ಏಣಿ ಹಾಕಿ ಗಂಟು ಇಳಿಸಿದೆ. ಕಂಬಳಿ, ಅದರೊಳಗೆ ಭಂಡಾರದ ಬಟ್ಟೆ, ಅದರೊಳಗೆ ಡಬ್ಬಿ. ಎಲ್ಲವೂ ಅಚ್ಚುಕಟ್ಟು, ಒಂದು ಧೂಳಿನ ಕಣವಿಲ್ಲ. ವೈರು ಚುಚ್ಚಿದೆ. ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಇನ್ನೊಂದು ವೈರು ಹಾಕಿದೆ, ಇನ್ನೊಂದು ಗೋಡೆಯ ಪ್ಲಗ್ಗಿಗೆ ಚುಚ್ಚಿದೆ. ಅಷ್ಟೇ. ತುಂಬಿಸಿ ಇಟ್ಟದ್ದು ಸೆಕೆಗೆ ಬೆಂದು, ತಿಂಗಳುಗಟ್ಟಲೆ ಒಳಗೇ ಸೋರಿ, ತಳ ಮುಟ್ಟಿತ್ತು. ಮಾವ ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ತಲೆ ಅಲ್ಲಾಡಿಸಿದೆ.

‘ತುಂಬ್ಸಿ ಇಟ್ಟಿದ್ದೆ’ ಎಂದರು. ಡಬ್ಬಿಯನ್ನು ತಮ್ಮ ಕೈಗೆ ತೆಗೆದುಕೊಂಡು ಮತ್ತೆ, ‘ತುಂಬ್ಸೇ ಇಟ್ಟಿದ್ದೆ’ ಎಂದರು.

ಮರುದಿನ ನಾರಾಯಣಪೇಟೆಯಲ್ಲಿ ಮೊಬೈಲು ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ಭೂತಗನ್ನಡಿ ಹಚ್ಚಿ ನೋಡಿ, ಇದನ್ನು ನಾವು ಬಿಚ್ಚಿದರೆ ಇರುವುದೂ ಹೋಗುತ್ತದೆ, ಕೊಂಡ ಕಡೆಗೇ ಕೊಡಿ ಎಂದರು. ಅಲ್ಲಿಂದಲೇ ಗದ್ವಾಲಕ್ಕೆ ಫೋನು ಮಾಡಿದೆ. ಅಪ್ಪ ಕಂಪನಿಯವರನ್ನು ಬೈದ. ನನ್ನ ಗಂಡ ರಾಯಚೂರಿಗೆ ಹೋಗಿ ಕೇಳಿದರೆ ಬ್ಯಾಟರಿ ಬದಲಿಸಲು ಬೆಂಗಳೂರಿಗೆ ಕಳಿಸಬೇಕು, ಬರಲು ತಿಂಗಳಾದರೂ ಬೇಕು ಎಂದು ಅಂಗಡಿಯವರು ಹೇಳಿದರು. ಅಲ್ಲಿಯವರೆಗೆ ಬೇರೆ ಮಿಷನ್ನು ಕೊಡಿ ಎಂದು ನನ್ನ ಗಂಡ ಅಂಗಲಾಚಿದರು. ಮಾವನ ಕಿವಿಗೆ ಹೊಂದುವಂಥದ್ದು ಅಂಗಡಿಯಲ್ಲಿ ಇರಲಿಲ್ಲ. ಆಪರೇಶನ್ನಿನ ದಿನ ಮುಂದೆ ಹಾಕುವಂತಿರಲಿಲ್ಲ, ಗಡ್ಡೆ ನಮಗಾಗಿ ಕಾಯುವುದಿಲ್ಲವಲ್ಲ.

ನಾನು ಫೋನು ಹಿಡಿದು ಅತ್ತೆಯ ಮುಂದೆ ಕೂತೆ. ‘ಅತ್ತೀ, ಏನ್ ಹೇಳೂದೈತಿ ಇದರಾಗ ಹೇಳ್ರಿ. ರೆಕಾರ್ಡ್ ಮಾಡಿ ಇಡ್ತೀನಿ. ಮಿಷನ್ ಬಂದ ಮ್ಯಾಲ ಮಾವಗ ಕೇಳಸ್ತೀನಿ’ ಎಂದೆ. ಒಳ್ಳೆಯ ಉಪಾಯ ಎಂದು ನನಗೆ ಹೆಮ್ಮೆಯೇ ಇತ್ತು.

ಅತ್ತೆ ಫೋನನ್ನು ಕೈಯಿಂದ ಸರಿಸಿದರು. ‘ಅಂವ ಎತ್ತಿಟ್ಟದ್ದು ಸಾಲದೇನು, ನೀನೂ ಎತ್ತಿಡ್ತೀಯಾ? ಗಂಡಗ ಹೇಳೂ ಮಾತು ಗಂಡನ ಮುಂದ ಕುಂತು ಹೇಳ್ತೀನಿ. ಕೇಳಿದ್ರ ಕೇಳಿದ, ಇಲ್ಲಂದ್ರ ಇಲ್ಲ. ಡಬ್ಬ್ಯಾಗ ಇಟ್ಟು ಆಮ್ಯಾಲ ಬಡಸಾಕ ನನ್ನ ಮಾತೇನ್ ಉಪ್ಪಿನಕಾಯ್ಯೇನು?’

ಹೈದರಾಬಾದಿಗೆ ಹೊರಡುವ ಹಿಂದಿನ ಮಧ್ಯಾಹ್ನ ಅವರಿಬ್ಬರೂ ಕಟ್ಟೆಯ ಮೇಲೆ ಕೂತರು. ನಾನು ಬಾಗಿಲ ಒಳಗೆ ಜೋಳ ಹಸನು ಮಾಡುತ್ತಿದ್ದೆ. ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಅತ್ತೆ ಒದರಲಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಮೆಲ್ಲಗೆ, ಆ ಒಡೆದ ದನಿಯಲ್ಲಿ ಶುರು ಮಾಡಿದರು. ಮದುವೆಯ ವರ್ಷ ನದಿ ದಂಡೆಗೆ ಕುರಿ ಹೊಡೆದುಕೊಂಡು ಹೋದಾಗ ಮಾವ ಮರೆತು ಬಂದ ಕಂಬಳಿಯ ವಿಷಯ. ತನ್ನನ್ನು ಕೇಳದೆ ಮಾರಿದ ಬಿಳಿ ಟಗರಿನ ವಿಷಯ, ಅದಕ್ಕೆ ಸಾಕಷ್ಟು ಬೈಗುಳ. ಹುಟ್ಟಿ ಮೂರೇ ದಿನ ಇದ್ದ ಮೊದಲ ಮಗಳ ವಿಷಯ. ನನಗೆ ಆ ಮಗುವಿನ ಸುದ್ದಿಯೇ ಗೊತ್ತಿರಲಿಲ್ಲ. ನಡುನಡುವೆ ಕೆಮ್ಮು, ನೀರು, ಮತ್ತೆ ಮಾತು. ಮಾವ ಅವರ ಬಾಯಿಯನ್ನೇ ನೋಡುತ್ತ, ತಿಳಿದವರ ಹಾಗೆ ಹೂಂ ಹೂಂ ಎನ್ನುತ್ತಿದ್ದರು. ಹೂಂ ಎನ್ನಬಾರದ ಕಡೆಯೂ ಹೂಂ ಎಂದರು.

ಕೊನೆಗೆ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು. ‘ನೀ ಹಾಡಾಕ ನಿಂತಾಗೆಲ್ಲಾ ನಾ ಹೆಣ್ಮಕ್ಕಳ ಹಿಂದ ನಿಂತು ಕೇಳೀನಿ. ಒಂದಿನಾನೂ ತಪ್ಪಿಸಿಲ್ಲ. ಮನಿಗ್ ಬಂದು ಹೆಂಗಾತು ಅಂತ ನೀ ಕೇಳಿದ್ರ, ನಾ ಕೇಳಿಲ್ಲ, ನನಗ ಕೆಲಸಿತ್ತು ಅಂತಿದ್ದೆ. ಹೇಳಿದ್ರ ತಲಿ ಮ್ಯಾಲ ಕುಂಡ್ರತಿ ಅಂತ ಹೇಳಲಿಲ್ಲ. ಚಲೋ ಹಾಡ್ತಿದ್ದಿ. ನಿನ್ನಂಗ ಯಾರೂ ಹಾಡಂಗಿಲ್ಲ.’

ಮಾವ, ‘ಹೂಂ’ ಎಂದರು. ಜೋಳದ ಮೊರ ಹಿಡಿದ ನನಗೆ ಅಳು ಬಂತು.

ಅಳು ನಿಲ್ಲಿಸಿ ಮುಖ ತೊಳೆದುಕೊಂಡು ಹೊರಗೆ ಬಂದಾಗ ಅತ್ತೆ ಎಂದಿನಂತೆ, ‘ಜ್ವಾಳ ಹಸನಾತೇನು?’ ಎಂದು ಕೇಳಿದರು. ಅವರ ದನಿಯಲ್ಲಿ ಅವರು ನನಗೆ ಹೇಳಿದ ಕೊನೆಯ ಮಾತುಗಳು ಪ್ರಯಾಣದ ಗಂಟು ಮೂಟೆಯ ಬಗ್ಗೆ.

ಆಪರೇಶನ್ ಸರಿಯಾಯಿತು. ಅತ್ತೆ ಉಳಿದರು. ಕೊರಳಿನ ಬುಡದಲ್ಲಿ ಉಸಿರಾಡಲು ಒಂದು ಕಿಂಡಿ, ಅದರ ಮೇಲೆ ತೆಳ್ಳನೆಯ ಬಟ್ಟೆ. ಈಗ ಅವರು ಕೈಯಿಂದ ಮಾತಾಡುತ್ತಾರೆ. ಬೈಯಬೇಕಾದರೆ ತಟ್ಟೆಯನ್ನು ಕುಕ್ಕುತ್ತಾರೆ. ಬೈಗುಳಕ್ಕೆ ಕೈ ಸಾಲುವುದಿಲ್ಲ ಎಂಬುದೊಂದೇ ಅವರ ಕೊರತೆ ಎಂದು ಓಣಿಯವರು ತಮಾಷೆ ಮಾಡುತ್ತಾರೆ, ಅವರೆದುರಿಗೇ.

ಹೊಸ ಬ್ಯಾಟರಿ ಹಾಕಿದ ಮಿಷನ್ನು ನಾವು ಊರಿಗೆ ಮರಳಿದ ಮೇಲೆ ಬಂತು. ಮಾವ ಅದನ್ನು ಹಾಕಿಕೊಂಡರು. ಮರುದಿನವೂ ಹಾಕಿಕೊಂಡರು. ಈಗ ಎದ್ದ ಕೂಡಲೇ ಮುಖ ತೊಳೆಯುವ ಮುಂಚೆ ಹಾಕಿಕೊಳ್ಳುತ್ತಾರೆ, ಮಲಗುವಾಗ ತಾವೇ ಡಬ್ಬಿಯಲ್ಲಿಟ್ಟು ವೈರು ಚುಚ್ಚುತ್ತಾರೆ. ಯಾರೂ ಹೇಳಬೇಕಾಗಿಲ್ಲ. ಬಳೆಯ ಸದ್ದು, ಹೆಜ್ಜೆಯ ಸದ್ದು, ಕೊರಳಿನ ಕಿಂಡಿಯಲ್ಲಿ ಉಸಿರು ಹಾಯುವ ಸದ್ದು ಕೇಳಿ ಅತ್ತೆ ಮನೆಯಲ್ಲಿ ಎಲ್ಲಿದ್ದಾರೆ ಎಂದು ಗುರುತು ಹಿಡಿಯುತ್ತಾರೆ.

ಒಂದು ಸಂಜೆ ಮೂವರೂ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತಿದ್ದೆವು. ಮಾವ ಕೈ ನಿಲ್ಲಿಸಿ ನನ್ನನ್ನು ಕೇಳಿದರು: ‘ಅವತ್ತ ನೀ ಒಳಗ ಇದ್ದ್ಯಲ್ಲವ್ವಾ? ಇಕಿ ನನಗ ಬಾಳ ಹೊತ್ತು ಏನೋ ಹೇಳಿದ್ಲು. ಏನಂದ್ಲು?’

ನಾನು ಅತ್ತೆಯ ಮುಖ ನೋಡಿದೆ. ಹೇಳಲೇ ಎಂದು ಕಣ್ಣಲ್ಲೇ ಕೇಳಿದೆ. ಅತ್ತೆ ಕೈಯಲ್ಲಿದ್ದ ಶೇಂಗಾ ಬಿಡಿಸಿ ಬುಟ್ಟಿಗೆ ಹಾಕಿ, ತಲೆ ಅಡ್ಡ ಅಲ್ಲಾಡಿಸಿದರು.

‘ಬೈದ್ರು ಮಾವಾ’ ಎಂದೆ. ‘ಬಿಳಿ ಟಗರು ಮಾರಿದ್ದಕ್ಕ.’

ಮಾವ ತೊಡೆ ತಟ್ಟಿಕೊಂಡು ನಕ್ಕರು. ‘ಗೊತ್ತಿತ್ತು ನನಗ! ಇನ್ನೇನ್ ಹೇಳ್ತಾಳಕಿ!’ ಅವರು ನಕ್ಕದ್ದು ನೋಡಿ ಅತ್ತೆಗೂ ನಗು ಬಂತು. ಸದ್ದೇ ಇಲ್ಲದೆ, ಮೈಯೆಲ್ಲ ಕುಲುಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾವ ಅವರನ್ನು ನೋಡುತ್ತ ನೋಡುತ್ತ ತಮ್ಮ ನಗು ನಿಲ್ಲಿಸಿ, ಕಿವಿಯ ಹಿಂದೆ ಬೆರಳಿಟ್ಟು ಮಿಷನ್ನಿನ ಸದ್ದು ಏರಿಸಿಕೊಂಡರು. ಇನ್ನೊಮ್ಮೆ ಏರಿಸಿಕೊಂಡರು.